ಹುಟ್ಟುವ ಮೊದಲೇ ಕಣ್ಣಿನ ಪರೀಕ್ಷೆ



ಹಂದನಕೆರೆ, ತಿಪಟೂರು, ತುರುವೇಕೆರೆ ಕಡೆಯವರಿಗೆ ಒಡೆಯದೆ ಒಳಗನ್ನು ತಿಳಿಯುವ ವಿದ್ಯೆ ಹೊಸದಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ನೀರು ಕುಲುಕಿದರೆ ಇನ್ನೂ ಕಾಯಬೇಕು. ನೀರು ಇಂಗಿ, ಒಳಗಿನ ಉಂಡೆ ಚಿಪ್ಪು ಬಿಟ್ಟು ಲೊಟಲೊಟ ಎಂದರೆ ಕೊಬ್ಬರಿ ಸಿದ್ಧ.

ತಾಯಿಯ ಗರ್ಭದಲ್ಲಿರುವ ಮಗುವನ್ನು ವೈದ್ಯರು ನೋಡುವುದೂ ಶಬ್ದದಿಂದಲೇ. ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್ ವರೆಗಿನ ಶಬ್ದ ಮಾತ್ರ ಕೇಳಿಸುತ್ತದೆ. ಸ್ಕ್ಯಾನಿಂಗ್ ಯಂತ್ರ ಹಲವು ದಶಲಕ್ಷ ಹರ್ಟ್ಸ್‌ನ ಶಬ್ದವನ್ನು ಒಳಗೆ ಕಳುಹಿಸಿ, ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ. ಇದನ್ನು ಹೆರಿಗೆ ವೈದ್ಯಕ್ಕೆ ತಂದವರಲ್ಲಿ ಪ್ರಮುಖರು ಗ್ಲಾಸ್ಗೋದ ಇಯಾನ್ ಡೊನಾಲ್ಡ್. ಅವರ ಮತ್ತು ಸಂಗಡಿಗರ ಲೇಖನ ಬಂದದ್ದು 1958ರಲ್ಲಿ.

ಈ ಚಿತ್ರದಲ್ಲಿ ದ್ರವ ಕಪ್ಪು, ಮೂಳೆ ಬಿಳುಪು. 18ರಿಂದ 20 ವಾರಗಳ ಹೊತ್ತಿಗೆ ಮಗುವಿನ ಎರಡು ಕಣ್ಣುಗುಡ್ಡೆಗಳು ಕಪ್ಪು ವೃತ್ತಗಳಂತೆ ಕಾಣುತ್ತವೆ. ಪ್ರತಿಯೊಂದರಲ್ಲೂ ತೆಳುವಾದ ಬಿಳಿ ಉಂಗುರವೇ ಮಸೂರ. ಅದರ ಒಳಭಾಗ ಕಪ್ಪಾಗಿರಬೇಕು. ಅಲ್ಲಿ ಬಿಳುಪು ತುಂಬಿದ್ದರೆ ಪೊರೆಯ ಶಂಕೆ. ಗುಡ್ಡೆಯ ಅಡ್ಡಳತೆ ತೀರಾ ಕಡಿಮೆಯಿದ್ದರೆ ಕಣ್ಣು ಬೆಳೆದಿಲ್ಲವೆಂದು ತಿಳಿಯುತ್ತದೆ. ಮಗು ಬೆನ್ನ ಕಡೆಗೆ ಮುಖ ಮಾಡಿ ಮಲಗಿದ್ದರೆ ಏನೂ ಕಾಣದು. ಆಗ ತಾಯಿಗೆ ಸ್ವಲ್ಪ ಅಡ್ಡಾಡಿ ಬರಲು ಹೇಳುತ್ತಾರೆ. ನಾವು ಕ್ಯಾಮೆರಾದವರು ಮಾಡುವ ಕೆಲಸವೇ ಇದು, ಕಾಯುವುದು! ಅಂದಹಾಗೆ, ಅಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧ.

ಈ ದೋಷಗಳೇಕೆ ಬರುತ್ತವೆ? ಗ್ರಹಣದಲ್ಲಿ ಬಸುರಿ ಹೊರಗೆ ಬಂದಳೆಂದು ದೂರುವವರು ಇಂದಿಗೂ ಇದ್ದಾರೆ. ಅದು ಆಧಾರವಿಲ್ಲದ ಮಾತು, ತಾಯಿಗೆ ಮಾಡುವ ಅನ್ಯಾಯ ಕೂಡ. 1941ರಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್, ಪೊರೆಯೊಂದಿಗೆ ಹುಟ್ಟಿದ ಹಲವು ಶಿಶುಗಳ ತಾಯಂದಿರಿಗೆ ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತೆಂದು ಗುರುತಿಸಿದರು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದು ಇದೇ ಕಾರಣಕ್ಕೆ; ನಿಮ್ಮಲ್ಲಿ ಹಲವರು ಹಾಕಿಸಿಕೊಂಡಿರಬೇಕು. ಇನ್ನು ಕೆಲವು ದೋಷಗಳು ವಂಶವಾಹಿ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಟ್ಟಾಗ, ಗಂಡಹೆಂಡಿರಿಬ್ಬರಲ್ಲೂ ಒಂದೇ ದೋಷದ ಜೀನ್ ಅಡಗಿರುವ ಸಂಭವ ಹೆಚ್ಚು. ಹಾಗಿದ್ದಲ್ಲಿ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ.

ಆದರೆ ಸ್ಕ್ಯಾನಿಂಗ್ ತೋರಿಸುವುದು ಕಣ್ಣಿನ ಆಕಾರವನ್ನು, ದೃಷ್ಟಿಯನ್ನಲ್ಲ. ಅಕ್ಷಿಪಟಲದ ಸೂಕ್ಷ್ಮ ದೋಷಗಳು ಅದಕ್ಕೆ ಸಿಗುವುದಿಲ್ಲ. ಕೆಲವು ಪೊರೆಗಳು ಆ ಪರೀಕ್ಷೆಯ ನಂತರ ಬೆಳೆಯುತ್ತವೆ. "ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿಯಿದೆ" ಎಂದು ಮನೆಯವರು ನಿಶ್ಚಿಂತರಾದರೆ ಕಷ್ಟ. ಪೊರೆ ಕಂಡರೂ ಗರ್ಭದೊಳಗೆ ಶಸ್ತ್ರಚಿಕಿತ್ಸೆ ಇಲ್ಲ. ಸಿಗುವ ಲಾಭ ಸಮಯ. ದಟ್ಟ ಪೊರೆಯನ್ನು ಹುಟ್ಟಿದ ಆರೆಂಟು ವಾರಗಳೊಳಗೆ ತೆಗೆಯಬೇಕು. ಬೆಳಕು ಸರಿಯಾಗಿ ಒಳಗೆ ಹೋಗದಿದ್ದರೆ ಮಿದುಳು ನೋಡಲು ಕಲಿಯುವುದಿಲ್ಲ. ಆಮೇಲೆ ಮಸೂರ ಶುಭ್ರವಾದರೂ ದೃಷ್ಟಿ ಪೂರ್ತಿ ಬಾರದು. ಮೊದಲೇ ತಿಳಿದಿದ್ದರೆ ಹಳ್ಳಿಯ ಕುಟುಂಬವೂ ಹೆರಿಗೆಗೆ ಮುನ್ನವೇ ಮಕ್ಕಳ ಕಣ್ಣಿನ ವೈದ್ಯರನ್ನು ಗೊತ್ತುಮಾಡಿಕೊಳ್ಳಬಹುದು.

ಹುಟ್ಟಿದ ಮೇಲೆ ಬೇಕಾದದ್ದು ಕೈಯಲ್ಲಿ ಹಿಡಿಯುವ ಸಣ್ಣ ದೀಪದ ಉಪಕರಣ. ಅದರಿಂದ ನೋಡಿದಾಗ ಎರಡೂ ಪಾಪೆಗಳಲ್ಲಿ ಸಮನಾಗಿ ಕೆಂಪು ಹೊಳಪು ಕಾಣಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಪೊರೆಯೂ ಇದೆ. ನಿಮ್ಮ ಮನೆಯ ಎಳೆಗೂಸಿನ ಪಾಪೆಯಲ್ಲಿ ಬಿಳುಪು ಕಂಡರೆ ಅದೇ ದಿನ ಆಶಾ ಕಾರ್ಯಕರ್ತೆಗೆ ತೋರಿಸಿ, ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ.