ಋತುಮಾನವನ್ನರಿತು ಪ್ರವಾಸ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರದ ವೇದಿಕೆಯಲ್ಲಿ ಪ್ರವಾಸದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ನಮ್ಮ ಶಾಲಾ ಕಾಲೇಜುಗಳ ಮಕ್ಕಳು ವರ್ಷಕ್ಕೊಮ್ಮೆ ದೂರದೂರುಗಳಿಗೆ ಹೊರಡುತ್ತಾರೆ. ಅಡಿಕೆ ಕೊಯ್ಲು ಮುಗಿದ ಮೇಲೆ ಹಿರಿಯರು ಕಾಶಿ, ರಾಮೇಶ್ವರವೆಂದು ಯಾತ್ರೆ ಕೈಗೊಳ್ಳುತ್ತಾರೆ. ಅತ್ತ ನಗರಗಳಿಂದ ಸಾವಿರಾರು ಜನ ಮಳೆ ನೋಡಲೆಂದು ನಮ್ಮ ಘಟ್ಟಗಳಿಗೆ ಬರುತ್ತಾರೆ. ಹೋಗುವವರೂ ಬರುವವರೂ ರಜೆಯ ಪಟ್ಟಿ ನೋಡಿ ದಿನ ಗೊತ್ತುಮಾಡುತ್ತಾರೆಯೇ ಹೊರತು ಆಕಾಶ ನೋಡಿ ಅಲ್ಲ. ಮಳೆನಕ್ಷತ್ರವನ್ನು ಲೆಕ್ಕ ಹಾಕದೆ ಅಗೆ ಹಾಕದ ನಾವು, ಪ್ರಯಾಣದ ವಿಷಯದಲ್ಲಿ ಮಾತ್ರ ಆ ವಿವೇಕವನ್ನು ಮನೆಯಲ್ಲೇ ಬಿಟ್ಟು ಹೊರಡುತ್ತೇವೆ. ಈ ಅಲಕ್ಷ್ಯದ ಬೆಲೆಯನ್ನು ದೇಶ ಪದೇ ಪದೇ ಜೀವಗಳ ರೂಪದಲ್ಲಿ ತೆತ್ತಿದೆ.

ಭಾರತದಂತಹ ವಿಶಾಲ ದೇಶಕ್ಕೆ ಒಂದೇ ಮಳೆಗಾಲ, ಒಂದೇ ಬೇಸಿಗೆ ಎಂಬುದಿಲ್ಲ. ನೈಋತ್ಯ ಮಾರುತ ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟುತ್ತದೆ. ಹವಾಮಾನ ಇಲಾಖೆ 2020ರಲ್ಲಿ ಪರಿಷ್ಕರಿಸಿದ ದಿನಾಂಕಗಳ ಪ್ರಕಾರ ಜುಲೈ 8ರ ವೇಳೆಗೆ ಇಡೀ ದೇಶವನ್ನು ಆವರಿಸುತ್ತದೆ. ಸೆಪ್ಟೆಂಬರ್ 17ರ ಸುಮಾರಿಗೆ ರಾಜಸ್ಥಾನದ ವಾಯವ್ಯ ಮೂಲೆಯಿಂದ ಹಿಂದೆಗೆಯಲಾರಂಭಿಸಿ, ಅಕ್ಟೋಬರ್ ಮಧ್ಯಭಾಗದಲ್ಲಿ ನಿರ್ಗಮಿಸುತ್ತದೆ. ಹಾಗೆ ಮುಂಗಾರು ಮುಗಿಯುವ ಹೊತ್ತಿಗೇ ತಮಿಳುನಾಡಿನ ಮುಖ್ಯ ಮಳೆಗಾಲ ಆರಂಭವಾಗುತ್ತದೆ. ಆ ರಾಜ್ಯದ ವಾರ್ಷಿಕ ಮಳೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ನಮ್ಮಲ್ಲಿ ಮಳೆ ನಿಂತಿತೆಂದು ನವೆಂಬರಿನಲ್ಲಿ ರಾಮೇಶ್ವರಕ್ಕೆ ಹೊರಟವರು ಅಲ್ಲಿನ ಮಳೆಗೆ ಸಿಲುಕುವುದು ಈ ಕಾರಣದಿಂದ. 2015ರ ಡಿಸೆಂಬರ್ ಆರಂಭದಲ್ಲಿ ಚೆನ್ನೈ ನಗರ ಮುಳುಗಿದ್ದನ್ನು ನೆನಪಿಸಿಕೊಳ್ಳಿ.

ಕಾಲದಂತೆ ಸ್ಥಳವೂ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ಒಂದು ದಿನದ ಬಸ್ ಪ್ರಯಾಣದ ದೂರದಲ್ಲಿರುವ ಚಳ್ಳಕೆರೆ, ಹಿರಿಯೂರುಗಳ ಸೀಮೆಗೆ ಐನೂರು ಮಿಲಿಮೀಟರಿನ ಆಸುಪಾಸಿನ ಮಳೆಯೇ ಗತಿ. ಅರಬ್ಬೀ ಸಮುದ್ರದ ತೇವಭರಿತ ಗಾಳಿ ಸಹ್ಯಾದ್ರಿಯನ್ನೇರುವಾಗ ತಣಿದು ನೀರನ್ನು ಇಳಿಸಿಬಿಡುತ್ತದೆ. ಬೆನ್ನ ಹಿಂದಿನ ನಾಡಿಗೆ ಉಳಿಯುವುದು ಮಳೆಯ ನೆರಳು ಮಾತ್ರ. ಪ್ರವಾಸಿಗೆ ಈ ನೆರಳು ಉಪಕಾರಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯಲೇಬೇಕೆಂದಿದ್ದರೆ ಘಟ್ಟದ ಜಲಪಾತಗಳಿಗಿಂತ ಚಿತ್ರದುರ್ಗ, ಬಾದಾಮಿ, ಹಂಪೆಗಳು ಲೇಸು. ಬೇಸಿಗೆಯಲ್ಲಿ ಕಾದು ಕೆಂಡವಾಗುವ ಆ ಬಂಡೆಗಳ ನಾಡು ಆಗ ಹಸಿರು ಹೊದ್ದು ತಂಪಾಗಿರುತ್ತದೆ.

ಹಿಮಾಲಯದಾಚೆಯ ಲಡಾಖ್ ಕೂಡ ಇಂತಹುದೇ ಮಳೆನೆರಳಿನ ನಾಡು. ಹಾಗೆಂದು ಮೈಮರೆಯುವಂತಿಲ್ಲ. ಅಲ್ಲಿಗೆ ಹೋಗುವ ರಸ್ತೆ ಮಳೆ ಸುರಿಯುವ ಇಳಿಜಾರುಗಳನ್ನು ದಾಟಿಯೇ ಸಾಗಬೇಕು. ಒಣನಾಡಿಗೆ ಮಳೆ ಅಪರೂಪವಾದ್ದರಿಂದಲೇ ಅಲ್ಲಿನ ನೆಲಕ್ಕೆ, ಮನೆಗಳಿಗೆ ಅದನ್ನು ತಾಳುವ ಶಕ್ತಿ ಕಡಿಮೆ. 2010ರ ಆಗಸ್ಟ್ 5ರ ರಾತ್ರಿ ಲೇಹ್‌ನಲ್ಲಿ ಮೇಘಸ್ಫೋಟವಾದಾಗ ಕೆಸರಿನ ಪ್ರವಾಹ ಮನೆಗಳನ್ನೇ ಹೊತ್ತೊಯ್ದಿತು.

ಇನ್ನು ಉತ್ತರದ ಬಯಲು. ಶಾಲಾ ಪ್ರವಾಸಗಳು ಹೆಚ್ಚಾಗಿ ಡಿಸೆಂಬರಿನಲ್ಲಿ ನಡೆಯುತ್ತವೆ. ಆಗ ಗಂಗಾ ಬಯಲಿನಲ್ಲಿ ದಟ್ಟ ಮಂಜು ಕವಿದಿರುತ್ತದೆ. ಗೋಧಿಗೆ ನೀರು ಹಾಯಿಸಿದ ತೇವದ ನೆಲ, ಗಾಳಿಯಾಡದ ದೀರ್ಘ ರಾತ್ರಿ, ನೆಲಮಟ್ಟದಲ್ಲಿ ಮಡುಗಟ್ಟುವ ಶೀತ ಇವು ಮಂಜಿನ ಮೂಲ. ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ಹೆದ್ದಾರಿಗಳಲ್ಲಿ ಸರಣಿ ಅಪಘಾತಗಳಾಗುತ್ತವೆ. ಇದಕ್ಕೆ ಮುನ್ನ, ಅಕ್ಟೋಬರ್ ಕೊನೆ ಮತ್ತು ನವೆಂಬರಿನಲ್ಲಿ ಪಂಜಾಬ್, ಹರಿಯಾಣಗಳ ಭತ್ತದ ಕೂಳೆ ಸುಡುವ ಹೊಗೆಯೂ ದೆಹಲಿಯ ಗಾಳಿಯನ್ನು ಕೆಡಿಸುತ್ತದೆ. ಮೇ ತಿಂಗಳಲ್ಲಿ ಹೋದರೆ ಬಿಸಿಗಾಳಿ. 2016ರ ಮೇ 19ರಂದು ರಾಜಸ್ಥಾನದ ಫಲೋಡಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಹಾಗಾದರೆ ಕಾಶಿಗೆ ಯಾವಾಗ ಹೋಗಬೇಕು? ಫೆಬ್ರುವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗಿನ ದಿನಗಳು ಉತ್ತಮ. ಮಂಜು ತೆರವಾಗಿರುತ್ತದೆ, ಬಿಸಿಲು ಇನ್ನೂ ಬಲಿತಿರುವುದಿಲ್ಲ. ಕೊಯ್ಲು ಮುಗಿಸಿ ಯಾತ್ರೆ ಹೊರಡುತ್ತಿದ್ದ ನಮ್ಮ ಹಿರಿಯರ ರೂಢಿ ಹವಾಮಾನದ ದೃಷ್ಟಿಯಿಂದಲೂ ಸರಿಯಾದುದೇ.

ಬಂಗಾಳ ಕೊಲ್ಲಿಯ ಕರಾವಳಿಗೆ ಚಂಡಮಾರುತದ ಎರಡು ಕಾಲಗಳಿವೆ. ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ಒಂದು. ಮುಂಗಾರಿನ ನಂತರದ ಅಕ್ಟೋಬರ್–ಡಿಸೆಂಬರ್ ಇನ್ನೊಂದು. ಒಡಿಶಾದ ಮಹಾ ಚಂಡಮಾರುತ ಅಪ್ಪಳಿಸಿದ್ದು 1999ರ ಅಕ್ಟೋಬರ್ 29ರಂದು. ಫೋನಿ ಚಂಡಮಾರುತ ಪುರಿಯನ್ನು ತಟ್ಟಿದ್ದು 2019ರ ಮೇ 3ರಂದು. ಪುರಿ, ಕೋಣಾರ್ಕಗಳಿಗೆ ಜನವರಿ, ಫೆಬ್ರುವರಿ ನೆಮ್ಮದಿಯ ಕಾಲ. ಈಶಾನ್ಯದ ಅಸ್ಸಾಂ, ಮೇಘಾಲಯಗಳಲ್ಲಿ ಗುಡುಗು ಮಳೆ ಏಪ್ರಿಲ್‌ನಿಂದಲೇ ಜೋರಾಗುವುದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಸೂಕ್ತ. ಬ್ರಹ್ಮಪುತ್ರದ ನೆರೆ ನುಗ್ಗುವ ಕಾಜಿರಂಗ ರಾಷ್ಟ್ರೀಯ ಉದ್ಯಾನವನ್ನಂತೂ ಮಳೆಗಾಲದಲ್ಲಿ ಪ್ರವಾಸಿಗರಿಗೆ ಮುಚ್ಚಿಯೇ ಇರುತ್ತಾರೆ.

ಇಷ್ಟನ್ನು ಬರೆದಿಟ್ಟುಕೊಂಡರೆ ಸಾಕೇ? ಸಾಲದು. ನಾನು ಹೇಳಿದ ದಿನಾಂಕಗಳೆಲ್ಲ ಹಲವು ದಶಕಗಳ ಸರಾಸರಿ. ಸರಾಸರಿಯು ಯಾವ ತಿಂಗಳಲ್ಲಿ ಹೊರಡಬೇಕೆಂದು ತಿಳಿಸುತ್ತದೆ. ನಾಳೆ ಬೆಳಿಗ್ಗೆ ಹೊರಡಬೇಕೇ ಎಂಬುದನ್ನು ತಿಳಿಸುವುದಿಲ್ಲ. 2013ರಲ್ಲಿ ಆದದ್ದನ್ನು ನೋಡಿ. ಉತ್ತರಾಖಂಡದ ಚಾರ್‌ಧಾಮ ಯಾತ್ರೆಗೆ ಶಾಲಾ ರಜೆಯ ಮೇ, ಜೂನ್ ತಿಂಗಳುಗಳನ್ನು ಜನ ಆರಿಸಿಕೊಳ್ಳುತ್ತಾರೆ; ಮಳೆಗೆ ಮುಂಚೆ ಇಳಿದುಬರಬಹುದೆಂಬ ಲೆಕ್ಕ. ಆ ವರ್ಷ ಮುಂಗಾರು ಜೂನ್ 16ರ ಹೊತ್ತಿಗೇ ಇಡೀ ದೇಶವನ್ನು ಆವರಿಸಿತು. ಆಗಿನ ರೂಢಿಯ ದಿನಾಂಕಕ್ಕಿಂತ ಅದು ಸುಮಾರು ಒಂದು ತಿಂಗಳು ಮುಂಚೆ. ಜೂನ್ 17ರಂದು ಕೇದಾರನಾಥದ ಮೇಲಿನ ಚೋರಾಬಾರಿ ಸರೋವರದ ದಂಡೆ ಒಡೆದು ಕಣಿವೆಗೆ ನುಗ್ಗಿದಾಗ ಯಾತ್ರೆ ಭರದಿಂದ ನಡೆದಿತ್ತು. ಸಾವಿರಾರು ಜನ ಅಳಿದರು. ಅವರ ಲೆಕ್ಕ ಸರಾಸರಿಯಂತೆ ಸರಿಯಾಗಿಯೇ ಇತ್ತು. ಆ ವರ್ಷ ಆಕಾಶದ ಲೆಕ್ಕ ಬೇರೆಯಾಗಿತ್ತು. 2021ರ ಅಕ್ಟೋಬರ್ 18, 19ರಂದು, ಮಳೆ ಮುಗಿಯಿತೆಂದು ಎಲ್ಲರೂ ನಂಬುವ ದಿನಗಳಲ್ಲಿ, ಕುಮಾವೂಂ ಬೆಟ್ಟಗಳಲ್ಲಿ ವಿಪರೀತ ಮಳೆ ಸುರಿದು ನೈನಿತಾಲಿನ ರಸ್ತೆ ಸಂಪರ್ಕವೇ ಕಡಿದುಹೋಯಿತು. 2025ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಮೇ 24ರಂದು. ವಾತಾವರಣ ಬಿಸಿಯಾದಂತೆ ಅದು ಹೆಚ್ಚು ತೇವವನ್ನು ಹಿಡಿದಿಡುತ್ತದೆ, ಸುರಿಸುವಾಗ ಕಡಿಮೆ ಹೊತ್ತಿನಲ್ಲಿ ಹೆಚ್ಚು ಸುರಿಸುತ್ತದೆ. ಆದ್ದರಿಂದ ಯೋಜನೆಗೆ ಎರಡು ಮೆಟ್ಟಿಲುಗಳಿರಬೇಕು. ತಿಂಗಳನ್ನು ಸರಾಸರಿಯಿಂದ ಆರಿಸಿರಿ. ದಿನವನ್ನು ಮುನ್ಸೂಚನೆಯಿಂದ ನಿರ್ಧರಿಸಿರಿ.

ಮುನ್ಸೂಚನೆಯ ಭಾಷೆಯನ್ನು ವಿದ್ಯಾರ್ಥಿಗಳು ಕಲಿಯಲೇಬೇಕು. ಹವಾಮಾನ ಇಲಾಖೆ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗಿನ ಮಳೆಯನ್ನು ಒಂದು ದಿನದ ಮಳೆಯೆಂದು ಎಣಿಸುತ್ತದೆ. ಅದು 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ವಿಪರೀತ ಭಾರಿ ಮಳೆ. ನಮ್ಮ ಬೆಳೆಗಾರರ ಇಂಚಿನ ಲೆಕ್ಕದಲ್ಲಿ ಕೊನೆಯದು ಸುಮಾರು ಎಂಟು ಇಂಚು. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಎಂಟು ಇಂಚು ಮಳೆಯಾದರೆ ಒಂದು ಎಕರೆ ಇಳಿಜಾರಿನ ಮೇಲೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರು ಬಿದ್ದಂತೆ. ಹಳದಿ ಸೂಚನೆಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕ್ರಮ ಕೈಗೊಳ್ಳಿರಿ. ಕಿತ್ತಳೆ ಬಂದ ದಿನ ಘಾಟಿ ರಸ್ತೆ ಹಿಡಿಯಬಾರದೆಂಬುದು ನನ್ನ ಸಲಹೆ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ದಾರಿಬದಿಯ ಚಹಾ ಅಂಗಡಿಯೂ ನಿಂತಿದ್ದ ವಾಹನಗಳೂ ಮಣ್ಣುಪಾಲಾದವು. ಅದೇ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಮಣ್ಣಿನ ಶಾಸ್ತ್ರ ಹೇಳುವುದು ಇಷ್ಟೇ: ಮೊದಲ ಮಳೆಗಳು ಮಣ್ಣಿನ ರಂಧ್ರಗಳನ್ನು ತುಂಬುತ್ತವೆ. ಅವು ತುಂಬಿದ ಮೇಲೂ ಸುರಿದ ನೀರು ಕಣಗಳನ್ನು ಒಂದರಿಂದೊಂದು ದೂಡುತ್ತದೆ. ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ರಸ್ತೆಗೆ, ಕಟ್ಟಡಕ್ಕೆ ಗುಡ್ಡದ ಬುಡವನ್ನು ಕಡಿದಿದ್ದರೆ ತಡೆಯುವ ಕಾಲೇ ಇರುವುದಿಲ್ಲ. ಆದಕಾರಣ ಇಂದಿನ ಮಳೆಯನ್ನಷ್ಟೇ ನೋಡಬೇಡಿ, ಹಿಂದಿನ ನಾಲ್ಕಾರು ದಿನಗಳ ಮಳೆಯನ್ನೂ ಕೂಡಿಸಿರಿ. ತಿಳಿಯಾಗಿದ್ದ ಒರತೆ ಕೆಂಪಗಾದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಮರ ಅಥವಾ ವಿದ್ಯುತ್ ಕಂಬ ವಾಲಿದರೆ, ತುಂಬಿ ಹರಿಯುತ್ತಿದ್ದ ಹಳ್ಳ ಒಮ್ಮೆಲೇ ಬತ್ತಿದರೆ ಕೂಡಲೇ ಅಲ್ಲಿಂದ ದೂರ ಸರಿಯಬೇಕು.

ನಮ್ಮಲ್ಲಿ ಅನೇಕರು ಮನೆಯಲ್ಲೇ ಅತಿಥಿಗಳನ್ನು ಇರಿಸಿಕೊಂಡು ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಅದು ತಪ್ಪಲ್ಲ, ಅಡಿಕೆಗೆ ಕೊಳೆ ಬಂದ ವರ್ಷ ಆ ಹಣವೇ ಆಸರೆ. ಆದರೆ ಜುಲೈಯ ಶನಿವಾರ ಬರುತ್ತೇನೆಂದು ದೂರವಾಣಿ ಮಾಡಿದವರಿಗೆ ಮಾರ್ಗದ ನಿಜಸ್ಥಿತಿಯನ್ನು ಹೇಳುವ ಹೊಣೆಯೂ ನಮ್ಮದೇ. “ಈ ವಾರ ಬೇಡ, ನವೆಂಬರಿನಲ್ಲಿ ಬನ್ನಿ, ಹಳ್ಳ ತಿಳಿಯಾಗಿರುತ್ತದೆ, ಗದ್ದೆ ಹೊಂಬಣ್ಣಕ್ಕೆ ತಿರುಗಿರುತ್ತದೆ” ಎನ್ನುವ ಆತಿಥೇಯನ ಮಾತನ್ನು ಅತಿಥಿ ಮರೆಯಲಾರ.

ಕೊನೆಯದಾಗಿ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಮೊದಲನೆಯದು, ಪ್ರತಿ ಪ್ರವಾಸದ ಯೋಜನೆಯಲ್ಲೂ ಕನಿಷ್ಠ ಒಂದು ದಿನವನ್ನು ಕಾಯುವುದಕ್ಕೆಂದೇ ಮೀಸಲಿಡಿ. ಮಳೆಯೋ ಮಂಜೋ ಅಡ್ಡಬಂದರೆ ಚಾಲಕನನ್ನು ಅವಸರಪಡಿಸುವ ಪ್ರಮೇಯ ಬರುವುದಿಲ್ಲ. ಎರಡನೆಯದು, ಘಾಟಿಗಳನ್ನು ಹಗಲಿನಲ್ಲೇ ದಾಟಿರಿ. ಹಿಂದಿರುಗುವ ನಿರ್ಧಾರವನ್ನು ಗುಂಪಿನ ಒಬ್ಬರಿಗೆ ಮೊದಲೇ ಒಪ್ಪಿಸಿ, ಅವರ ಮಾತಿಗೆ ಎಲ್ಲರೂ ಬದ್ಧರಾಗಿರಿ. ಮೂರನೆಯದು, ಪ್ರತಿ ಶಾಲೆಯಲ್ಲೂ ಒಂದು ಮಳೆಮಾಪಕವನ್ನು ನೆಡಿ. ಬೆಳಿಗ್ಗೆ ಎಂಟೂವರೆಗೆ ಮಕ್ಕಳೇ ಅಳೆದು, ಆ ದಿನದ ಮತ್ತು ಹಿಂದಿನ ಐದು ದಿನಗಳ ಒಟ್ಟು ಮಳೆಯನ್ನು ಊರ ಬಾಗಿಲಿನ ಹಲಗೆಯ ಮೇಲೆ ಬರೆಯಲಿ. ದಾರಿಹೋಕರೂ ಅದನ್ನು ಓದಲಿ, ಊರವರೂ ಓದಲಿ. ಬರುವ ಮೃಗಶಿರ ಮಳೆಯೊಳಗೆ ಎಷ್ಟು ಶಾಲೆಗಳ ಅಂಗಳದಲ್ಲಿ ಮಾಪಕ ನಿಲ್ಲುತ್ತದೆಂಬುದನ್ನು ಈ ಸಭೆಯಲ್ಲಿಯೇ ನಿರ್ಧರಿಸೋಣ.