ಸಿಪಾಯಿಯ ಹೆಸರಿಗೊಂದು ಕಲ್ಲು

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡುತ್ತಾರೆ, ಇಬ್ರಾಹಿಂ ರೋಜಾ ನೋಡುತ್ತಾರೆ, ಆಮೇಲೆ ಶೆರ್ಜಾ ಬುರುಜು ಹತ್ತಿ ಮಲಿಕ್-ಎ-ಮೈದಾನ್ ತೋಪನ್ನು ಮುಟ್ಟಿ ಬರುತ್ತಾರೆ. ಐವತ್ತೈದು ಟನ್ ತೂಕದ್ದೆಂದು ಹೇಳುವ ಈ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರು. ಹೊಯ್ದ ಉಸ್ತಾದ ಮಹಮ್ಮದ್ ಬಿನ್ ಹಸನ್ ರೂಮಿಯ ಹೆಸರು ಅದರ ಮೈಮೇಲಿದೆ, ಅವನನ್ನು ಸಾಕಿದ ನಿಜಾಮಶಾಹಿ ಅರಸನ ಹೆಸರೂ ಇದೆ. 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನು ತಾನು ಗೆದ್ದ ಸಂಗತಿಯನ್ನು ಅದರ ಮೇಲೆಯೇ ಕೆತ್ತಿಸಿದ. ತೋಪಿಗೇ ಒಂದು ಹೆಸರಿದೆ, ರಣರಂಗದ ಒಡೆಯ ಎಂದು. ಅದಕ್ಕೆ ಮದ್ದು ತುಂಬಿದವನು ಯಾರು, ಬತ್ತಿ ಹಚ್ಚಿದವನು ಯಾರು, ಕೋಟೆಯ ಈ ಮಗ್ಗುಲಲ್ಲಿ ಸತ್ತವರು ಯಾವ ಯಾವ ಹಳ್ಳಿಯವರು ಎಂಬುದು ಎಲ್ಲಿಯೂ ಬರೆದಿಲ್ಲ. ಇವತ್ತು ನಾನು ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿರುವುದು ಈ ನಗರದಿಂದ ಪಶ್ಚಿಮಕ್ಕೆ ತಿಕೋಟಾದ ಕಡೆಗೆ, ಜಮಖಂಡಿಯ ದಾರಿ ಹಿಡಿದರೆ ಬಬಲೇಶ್ವರದ ಕಡೆಗೆ. ಯುದ್ಧಸ್ಮಾರಕ ಎಂಬುದು ದಿಲ್ಲಿಯಿಂದಲೋ ವಿಲಾಯತಿಯಿಂದಲೋ ನಮ್ಮ ಹಳ್ಳಿಗಳಿಗೆ ಬಂದದ್ದಲ್ಲ. ಸಿಪಾಯಿಯನ್ನು ಹೆಸರು ಹಿಡಿದು ನೆನೆಯುವ ಕ್ರಮ ಈ ನೆಲದಲ್ಲಿ ಸಾವಿರ ವರ್ಷದ ಹಿಂದೆಯೇ ಪೂರ್ಣವಾಗಿ ಬೆಳೆದಿತ್ತು, ಈಗ ನಾವು ನಿಲ್ಲಿಸುತ್ತಿರುವ ಫಲಕಗಳು ಅದರಿಂದ ಕಲಿಯಬೇಕಾದದ್ದು ಬಹಳ ಇದೆ ಎಂಬುದು ನನ್ನ ವಾದ.

ಮೊದಲು ನಗರದ ಸಾಕ್ಷ್ಯ ನೋಡೋಣ. ಗೋಳಗುಮ್ಮಟ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಹನ ಗೋರಿ. ಆ ಗುಮ್ಮಟದ ಮುಂದೆ ನಿಂತಾಗ ಆಗುವ ಬೆರಗು ಸುಳ್ಳಲ್ಲ. ಅಂಥ ಕಟ್ಟಡವನ್ನು ಕಟ್ಟಿದ ಊರೆಂದು ಹೆಮ್ಮೆಪಡುವುದೂ ತಪ್ಪಲ್ಲ. ಆದರೆ ಆ ರಾಜ್ಯವನ್ನು ಹೊತ್ತು ನಿಂತದ್ದು ದಂಡು, ಮತ್ತು ದಂಡಿನವರ ಗುರುತು ಅಲ್ಲಿಲ್ಲ. 1565ರ ಜನವರಿ 23ರಂದು ಇದೇ ಜಿಲ್ಲೆಯ ರಕ್ಕಸಗಿ-ತಂಗಡಗಿಗಳ ಹೆಸರಿನಲ್ಲಿ, ತಾಳಿಕೋಟೆಯ ಹೆಸರಿನಲ್ಲಿ ಪ್ರಸಿದ್ಧವಾದ ಕಾಳಗ ನಡೆಯಿತು. ದಕ್ಷಿಣ ಭಾರತದ ಇತಿಹಾಸವೇ ಹೊರಳಿದ ದಿನ ಅದು. ವಿಜಯನಗರದ ರಾಮರಾಯ ಹೇಗೆ ಸತ್ತ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು; ಎರಡೂ ಕಡೆಯಲ್ಲಿ ಸತ್ತ ಸಾವಿರಾರು ಜನರಲ್ಲಿ ಹತ್ತು ಸಿಪಾಯಿಗಳ ಹೆಸರನ್ನು ಯಾರೂ ಹೇಳಲಾರರು. ನಗರದಿಂದ ತೊರವಿ, ನವರಸಪುರಗಳ ಕಡೆ ಹೊರಟರೆ ಸಾಠ್ ಕಬರ್ ಎಂಬ ಜಾಗವಿದೆ. ಸಾಲು ಸಾಲು ಕರಿಕಲ್ಲಿನ ಗೋರಿಗಳು. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಆದಿಲಶಾಹಿ ಸರದಾರ ಅಫಜಲಖಾನ ತಾನು ಮರಳಿ ಬರುವುದಿಲ್ಲವೆಂದು ತಿಳಿದು ತನ್ನ ಹೆಂಡಂದಿರನ್ನೆಲ್ಲ ಕೊಂದು ಇಲ್ಲಿ ಹೂಳಿಸಿದ ಎಂಬ ಕತೆ ಊರಿಗೆಲ್ಲ ಗೊತ್ತು. ಕತೆ ನಿಜವೋ ಅಲ್ಲವೋ ಎಂದು ಆ ಗೋರಿಗಳನ್ನು ಕೇಳುವಂತಿಲ್ಲ. ಅಲ್ಲಿ ಮಲಗಿದವರು ಯಾರೆಂದು ಹೇಳುವ ಬರಹ ಇಲ್ಲದ್ದರಿಂದ, ಕತೆಯೇ ಅವರ ಜಾಗದಲ್ಲಿ ಬಂದು ಕೂತಿದೆ. ಕಲ್ಲು ಎಷ್ಟೇ ಗಟ್ಟಿಯಿದ್ದರೂ ಹೆಸರಿಲ್ಲದಿದ್ದರೆ ಅದು ಸತ್ತವರ ಪರವಾಗಿ ಮಾತಾಡಲಾರದು.

ಇನ್ನು ಹಳ್ಳಿಯ ಸಾಕ್ಷ್ಯ. ಆದಿಲಶಾಹಿಗಿಂತ ಐದುನೂರು ವರ್ಷ ಮೊದಲು ಈ ಸೀಮೆಗೆ ತರ್ದವಾಡಿ ಸಾಸಿರ ಎಂದು ಹೆಸರು; ಭೀಮಾ ದಂಡೆಯ ಈಗಿನ ತದ್ದೇವಾಡಿ ಅದರ ಮುಖ್ಯ ಊರು. 965ರ ನರಸಲಗಿಯ ಶಾಸನದಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ: ರಾಷ್ಟ್ರಕೂಟ ಮೂರನೆಯ ಕೃಷ್ಣ ಈ ನಾಡನ್ನು ಚಾಲುಕ್ಯ ತೈಲಪನಿಗೆ ಅಣುಗಜೀವಿತವಾಗಿ, ಅಂದರೆ ಮೆಚ್ಚಿನ ಸೇವಕನ ಬಾಳುವೆಗೆಂದು, ಕೊಟ್ಟಿದ್ದ. ಮುಂದೆ ಅದೇ ತೈಲಪ ಕಲ್ಯಾಣ ಚಾಲುಕ್ಯರ ರಾಜ್ಯ ಕಟ್ಟಿದ. ನೆಲ ಮತ್ತು ಕತ್ತಿ ಒಂದಕ್ಕೊಂದು ಕಟ್ಟಿಕೊಂಡಿದ್ದ ಕಾಲ ಅದು. ಆ ಕಾಲದ ಊರುಗಳು ನಿಲ್ಲಿಸಿದ ಸ್ಮಾರಕವೇ ವೀರಗಲ್ಲು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಗಸಿಯ ಬದಿಗೆ, ಹನುಮಪ್ಪನ ಗುಡಿಯ ಕಟ್ಟೆಗೆ, ಕೆರೆಯ ಏರಿಗೆ ಆನಿಸಿ ನಿಲ್ಲಿಸಿದ ಇಂಥ ಕಲ್ಲುಗಳನ್ನು ಎಲ್ಲರೂ ನೋಡಿರುತ್ತಾರೆ. ಅದರ ರಚನೆಯನ್ನು ಒಮ್ಮೆ ಮನಸ್ಸಿಟ್ಟು ಗಮನಿಸಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕುದುರೆ, ಹಲವು ಸಲ ಓಡಿಸಿಕೊಂಡು ಹೋಗುತ್ತಿರುವ ದನ. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುವ ದೇವಸ್ತ್ರೀಯರು. ಮೇಲೆ ಲಿಂಗದ ಎದುರಿಗೆ, ಜೈನನಾಗಿದ್ದರೆ ಜಿನನ ಎದುರಿಗೆ, ಕೈಮುಗಿದು ಕುಳಿತ ಅವನೇ. ಅದಕ್ಕೂ ಮೇಲೆ ಸೂರ್ಯಚಂದ್ರ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಬರಹವಿದ್ದರೆ ಅರಸನ ಹೆಸರು, ಶಕವರ್ಷ, ಊರು, ಕಾಳಗದ ಕಾರಣ, ಸತ್ತವನ ಹೆಸರು, ತಂದೆಯ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು. ತುರು ಹಿಡಿದಾಗ, ಊರು ಸುಲಿಯುವಾಗ, ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ ಅಡ್ಡಬಂದು ಸತ್ತವರು ಇವರು. ಇವರಲ್ಲಿ ದೊಡ್ಡ ದಂಡನಾಯಕರಿಗಿಂತ ಊರಿನ ಸಾಮಾನ್ಯರೇ ಹೆಚ್ಚು. ಇದೇ ಜಿಲ್ಲೆಯ ಸಿಂದಗಿ ತಾಲೂಕಿನವರಾದ ಎಂ. ಎಂ. ಕಲಬುರ್ಗಿಯವರು ಸಮಾಧಿ, ಬಲಿದಾನ, ವೀರಮರಣ ಸ್ಮಾರಕಗಳ ಮೇಲೆಯೇ ಒಂದು ಪುಸ್ತಕ ಬರೆದರು, ಆರ್. ಶೇಷಶಾಸ್ತ್ರಿಯವರು ಕರ್ನಾಟಕದ ವೀರಗಲ್ಲುಗಳನ್ನು ಕುರಿತು ದೊಡ್ಡ ಅಧ್ಯಯನವನ್ನೇ ಮಾಡಿದರು. ಅವರ ಕೆಲಸದಿಂದ ನಮಗೆ ತಿಳಿದಿರುವುದೇನೆಂದರೆ, ಬರಹವುಳ್ಳ ವೀರಗಲ್ಲು ಅಂದರೆ ಊರು ಬರೆದಿಟ್ಟ ದಾಖಲೆ.

ಆ ದಾಖಲೆಯಲ್ಲಿ ಹೊಗಳಿಕೆಗಿಂತ ಮುಖ್ಯವಾದ ಇನ್ನೊಂದು ಭಾಗವಿದೆ. ಸತ್ತವನ ಮನೆಯವರಿಗೆ ಊರಾಗಲಿ ಅರಸನಾಗಲಿ ಬಿಟ್ಟುಕೊಟ್ಟ ಹೊಲದ ವಿವರ, ಅದನ್ನು ಕಿತ್ತುಕೊಂಡವರಿಗೆ ಶಾಪ. ನೆತ್ತರುಗೊಡಗೆ ಎಂಬ ಆ ದತ್ತಿಯ ಬಗ್ಗೆ ಓದಿದಾಗ ನನಗೆ ಪ್ರತಿಸಲ ಅನ್ನಿಸುವುದು, ಈ ಜನ ನೆನಪನ್ನೂ ಋಣವನ್ನೂ ಬೇರೆ ಮಾಡಲಿಲ್ಲ ಎಂದು. ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಬಹುಕಾಲದಿಂದ ಹೆಸರಾದ ಹಲ್ಮಿಡಿಯ ಬರಹವೂ ಕಾಳಗದಲ್ಲಿ ಗೆದ್ದ ವಿಜ ಅರಸನಿಗೆ ಊರು ಬಿಟ್ಟುಕೊಟ್ಟ ಲೆಕ್ಕವೇ. ತೈಲಪನಿಗೆ ತರ್ದವಾಡಿಯನ್ನು ಕೊಟ್ಟ ಅದೇ ಮೂರನೆಯ ಕೃಷ್ಣನ ಕಾಲದಲ್ಲಿ, 949-50ರ ಸುಮಾರಿಗೆ, ಮಂಡ್ಯ ಸೀಮೆಯ ಆತಕೂರಿನಲ್ಲಿ ಒಂದು ಕಲ್ಲು ನಿಂತಿತು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರ ಮೆಚ್ಚುಗೆಯಾಗಿ ಪಡೆದ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ನಿಲ್ಲಿಸಿದ ಕಲ್ಲು ಅದು. ನಾಯಿಯ ಹೆಸರು ಕಾಳಿ. ಅದರ ನೆನಪಿಗೂ ನೆಲದ ದತ್ತಿ ಇದೆ. ಒಂದು ನಾಯಿಯ ಹೆಸರನ್ನೂ ಬಿಡದೆ ಬರೆದಿಟ್ಟ ನಾಡು ಇದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಸಂಗತಿಗೆ ಬರೋಣ.

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಹೋದರು. 74 ಸಾವಿರದಷ್ಟು ಜನ ಮರಳಲಿಲ್ಲ. ವಿಜಯಪುರ ಆಗ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ಮರಾಠಾ ಪಲ್ಟನ್‌ಗಳು ಮೆಸೊಪೊಟೇಮಿಯಾದಲ್ಲಿ, ಈಗಿನ ಇರಾಕಿನಲ್ಲಿ, ಕಾದಿದವು. 110ನೇ ಮರಾಠಾ ಪಲ್ಟನ್ ಕುತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿತ್ತು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಅಲ್ಲಿ ಹಸಿವು, ರೋಗ, ಕೊನೆಗೆ ಶರಣಾಗತಿ, ಸೆರೆ. ಆ ರಣರಂಗದಲ್ಲಿ ಸತ್ತು ಗೋರಿಯೂ ಸಿಗದವರಿಗಾಗಿ ಬಸ್ರಾದಲ್ಲಿ 1929ರಲ್ಲಿ ಒಂದು ದೊಡ್ಡ ಸ್ಮಾರಕ ಎದ್ದಿತು. ಅದರ ಗೋಡೆಯ ಮೇಲೆ ಬ್ರಿಟಿಷ್ ಸಿಪಾಯಿಗಳ ಹೆಸರಿದೆ, ಭಾರತೀಯ ಅಧಿಕಾರಿಗಳ ಹೆಸರಿದೆ. ಭಾರತೀಯ ಸಿಪಾಯಿಗಳಿಗೆ ಅವರವರ ಪಲ್ಟನಿನ ಹೆಸರಿನ ಕೆಳಗೆ ಇಷ್ಟು ಮಂದಿ ಎಂಬ ಅಂಕಿ ಮಾತ್ರ. ಇದು ಸಮನಾದ ಗೌರವ ಅಲ್ಲವೆಂದು ಇಂಥ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೇ 2021ರಲ್ಲಿ ತನ್ನ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಯುದ್ಧ ಮುಗಿದ ಮೇಲೆ ದೇಶದ ಎಷ್ಟೋ ಹಳ್ಳಿಗಳ ಚಾವಡಿಗೋಡೆಗೆ ಸರಕಾರ ಕೂಡಿಸಿದ ಕಲ್ಲುಗಳೂ ಹಾಗೆಯೇ: ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು. ನೆರೆರಾಜ್ಯದ ಸಾತಾರಾ ಜಿಲ್ಲೆಯ ಅಪಶಿಂಗೆ ಎಂಬ ಹಳ್ಳಿಯ 46 ಜನ ಆ ಯುದ್ಧದಲ್ಲಿ ಸತ್ತರು. ಆ ಊರಿನ ಹೆಸರಿನ ಮುಂದೆ ಇಂದಿಗೂ ಮಿಲಿಟರಿ ಎಂಬ ಮಾತು ಸೇರಿದೆ. ಆದರೆ ಊರಿನವರಿಗೆ ಬೇಕಾದದ್ದು ಲೆಕ್ಕವಲ್ಲ. ಎಷ್ಟು ಜನ ಎಂಬುದು ದಂಡಿನ ಕಚೇರಿಯ ಪ್ರಶ್ನೆ, ಯಾರ ಮಗ ಎಂಬುದು ಊರಿನ ಪ್ರಶ್ನೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಅವರು ಪರದೇಶದ ರಾಜನಿಗಾಗಿ, ಪಗಾರಕ್ಕಾಗಿ ಹೋದವರು. ದನ ಬಿಡಿಸಲು ಹೋಗಿ ಸತ್ತವನ ಕಲ್ಲಿನ ಸಾಲಿನಲ್ಲಿ ಅವರನ್ನು ಹೇಗೆ ನಿಲ್ಲಿಸುತ್ತೀರಿ ಎಂದು ಕೇಳುವವರಿದ್ದಾರೆ. ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಪಗಾರಕ್ಕೆ ಏಕೆ ಹೋದರು ಎಂಬುದನ್ನೂ ನೋಡಬೇಕಲ್ಲ. ಇದು ಮಳೆಯನ್ನೇ ನಂಬಿದ ಎರೆಭೂಮಿ. 1876ರಿಂದ 78ರವರೆಗಿನ ಬರ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಸೀಮೆಯನ್ನು ಮುಂಬಯಿ ಪ್ರಾಂತದಲ್ಲೇ ಎಲ್ಲಕ್ಕಿಂತ ಹೆಚ್ಚು ನಲುಗಿದ ಜಿಲ್ಲೆಗಳ ಸಾಲಿಗೆ ಸೇರಿಸಿತು. ಈಗ ತಿಕೋಟಾದ ದ್ರಾಕ್ಷಿ ತೋಟಗಳನ್ನೂ ಒಣದ್ರಾಕ್ಷಿಯ ಶೆಡ್ಡುಗಳನ್ನೂ, ಬಬಲೇಶ್ವರದ ಕಡೆ ಕೃಷ್ಣೆಯಿಂದ ನೀರು ಎತ್ತಿ ಹರಿಸುವ ಕಾಲುವೆಗಳನ್ನೂ ನೋಡಿದವರಿಗೆ ಆ ದಿನಗಳ ಅಂದಾಜು ಸಿಗುವುದು ಕಷ್ಟ. ಅಂಥ ನೆಲದಲ್ಲಿ ಪಲ್ಟನಿನ ಪಗಾರ ಒಂದು ಮನೆಯ ಜೋಳದ ಹಗೇವು ಖಾಲಿಯಾಗದಂತೆ ನೋಡಿಕೊಳ್ಳುವ ದಾರಿ. ಇನ್ನು, ಹಳೆಯ ವೀರನೂ ಏನನ್ನೂ ಪಡೆಯದೆ ಕಾದಲಿಲ್ಲ. ಒಡೆಯನ ಅನ್ನದ ಋಣ, ಬಾಳುವೆಯ ಹೊಲ ಅವನಿಗೂ ಇದ್ದವು. ಯುದ್ಧ ಯಾರದು ಎಂಬುದನ್ನು ಸಿಪಾಯಿ ಯಾವ ಕಾಲದಲ್ಲೂ ತೀರ್ಮಾನಿಸಲಿಲ್ಲ. ಆ ಯುದ್ಧ ಸರಿಯೋ ತಪ್ಪೋ ಎಂದು ಇತಿಹಾಸಕಾರರು ವಾದಿಸಲಿ, ವಾದಿಸಲೇಬೇಕು. ಊರಿನ ಕಲ್ಲು ಯುದ್ಧಕ್ಕೆ ಕೊಡುವ ಪ್ರಶಸ್ತಿಯಲ್ಲ. ನಮ್ಮಲ್ಲಿಂದ ಹೋದವನೊಬ್ಬ ಮರಳಲಿಲ್ಲ ಎಂಬ ಸಾಕ್ಷಿ ಅದು.

ಎರಡನೆಯ ಆಕ್ಷೇಪ ವೀರಗಲ್ಲಿನ ಮೇಲೆಯೇ ಇದೆ, ಮತ್ತು ಅದು ಹೆಚ್ಚು ನೋಯಿಸುವಂಥದು. ಎಷ್ಟೋ ಕಲ್ಲುಗಳಿಗೆ ಬರಹವೇ ಇಲ್ಲ. ಇದ್ದ ಬರಹವೂ ಎಣ್ಣೆ, ಕುಂಕುಮ, ಬಣ್ಣದ ಪದರದ ಕೆಳಗೆ ಹೂತುಹೋಗಿ, ವೀರ ದೇವರಾಗಿ, ಹೆಸರು ಕಳೆದುಹೋಗಿದೆ. ಅದರ ಪಕ್ಕದಲ್ಲೇ ಮಾಸ್ತಿಕಲ್ಲು ನಿಂತಿರುತ್ತದೆ, ಬಳೆ ತೊಟ್ಟ ಕೈ ಮೇಲೆತ್ತಿರುವ ಕಲ್ಲು. ಗಂಡ ಸತ್ತ ಮೇಲೆ ಬೆಂಕಿಗೆ ಬಿದ್ದ ಹೆಣ್ಣನ್ನು ಪೂಜಿಸಿದ ಸಮಾಜ, ಬದುಕಿ ಉಳಿದ ಹೆಣ್ಣಿಗೆ ಅಂಥ ಗೌರವ ಕೊಟ್ಟಿತೇ? ಕೊಡಲಿಲ್ಲ. ಆದ್ದರಿಂದ ಹಳೆಯದನ್ನೆಲ್ಲ ಹಾಗೆಯೇ ಎತ್ತಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಊರಿನ ನಡುವೆ ನಿಲ್ಲಿಸುವುದು, ಹೆಸರು ಮತ್ತು ಸಂಗತಿ ಎರಡನ್ನೂ ಬರೆಯುವುದು, ಮನೆಯವರ ಹೊಣೆಯನ್ನು ಅದೇ ಕಲ್ಲಿನಲ್ಲಿ ಒಪ್ಪಿಕೊಳ್ಳುವುದು, ಇವನ್ನು ತೆಗೆದುಕೊಳ್ಳಬೇಕು. ಸಾವನ್ನು ಸ್ವರ್ಗದ ಮೆಟ್ಟಿಲಾಗಿ ತೋರಿಸುವುದನ್ನೂ ವಿಧವೆಯನ್ನು ಅಳಿಸಿಹಾಕುವುದನ್ನೂ ಅಲ್ಲಿಯೇ ಬಿಡಬೇಕು. ಜಾತಿಯ ಮಾತೂ ಇಲ್ಲಿ ಬರಬೇಕು. ಮಹಾರರನ್ನು ದಂಡಿಗೆ ಸೇರಿಸಿಕೊಳ್ಳುವುದನ್ನು ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದ್ದರು. ಬಹುಕಾಲದ ಒತ್ತಾಯದ ಮೇಲೆ ಮಹಾರ್ ರೆಜಿಮೆಂಟ್ 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಹುಟ್ಟಿತು. ಯಾವ ಓಣಿಯವನಾದರೂ ಸರಿ, ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇರಬೇಕು.

ಇದೆಲ್ಲ ಹಳೆಯ ಕಾಲದ ಚರ್ಚೆಯಷ್ಟೇ ಅಲ್ಲ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಜಿಲ್ಲೆಯ ಹಳ್ಳಿಗಳಿಂದ ಇಂದಿಗೂ ಹುಡುಗರು ಸೇನೆಯ ಭರ್ತಿಗೆ ಹೋಗುತ್ತಾರೆ. 2021ರ ಜುಲೈ ತಿಂಗಳಲ್ಲಿ ಕಾಶ್ಮೀರದ ಪುಲ್ವಾಮಾದಲ್ಲಿ ಉಗ್ರರೊಡನೆ ಹೋರಾಡುತ್ತ ಪ್ರಾಣಬಿಟ್ಟ ಕಾಶಿರಾಯ ಬಮ್ಮನಹಳ್ಳಿ ಇದೇ ಜಿಲ್ಲೆಯ ಉಕ್ಕಲಿಯವರು. ದಿಲ್ಲಿಯಲ್ಲಿ 2019ರ ಫೆಬ್ರವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧಸ್ಮಾರಕದ ಗೋಡೆಗಳ ಮೇಲೆ ಸ್ವಾತಂತ್ರ್ಯದ ನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಅಲ್ಲಿ ಹೆಸರಿದ್ದರೆ ಸಾಲದೇ, ಹಳ್ಳಿಯಲ್ಲಿ ಮತ್ತೆ ಏಕೆ ಎನ್ನಬಹುದು. ದಿಲ್ಲಿಯ ಗೋಡೆ ದೇಶದ ಸಾಲವನ್ನು ಹೇಳುತ್ತದೆ. ಆ ಹುಡುಗ ಕಲಿತ ಶಾಲೆಯ ಮಕ್ಕಳು, ಅವನ ತಾಯಿಯ ನೆರೆಮನೆಯವರು ದಿಲ್ಲಿಗೆ ಹೋಗಿ ಅದನ್ನು ಓದುವುದಿಲ್ಲ. 2023ರ ಆಗಸ್ಟಿನಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಲ್ಲಿ ದೇಶದ ಪಂಚಾಯತಿಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಶಿಲಾಫಲಕಗಳು ನಿಂತವು. ಊರಿನ ವೀರರ ಹೆಸರು ಊರಿನಲ್ಲೇ ಇರಬೇಕೆಂಬ ತತ್ವವನ್ನು ಸರಕಾರವೇ ಒಪ್ಪಿದ್ದು ದೊಡ್ಡ ಮಾತು, ಅದನ್ನು ಮನಸಾರೆ ಮೆಚ್ಚುತ್ತೇನೆ. ಕೊರತೆ ಇರುವುದು ಬರಹದಲ್ಲಿ. ಎಲ್ಲ ಊರಿಗೂ ಒಂದೇ ಅಚ್ಚಿನ ಫಲಕ. ಹೆಸರಿದ್ದರೂ ಆ ಮನುಷ್ಯ ಎಲ್ಲಿ, ಯಾವಾಗ, ಏನು ಮಾಡುತ್ತ ಸತ್ತ ಎಂಬುದಕ್ಕೆ ಜಾಗವಿಲ್ಲ. ಇಪ್ಪತ್ತು ವರ್ಷದ ನಂತರ ಅದನ್ನು ಓದುವ ಮಗುವಿಗೆ ಅದು ಬರಿಯ ಪಟ್ಟಿ.

ಕಲ್ಲಿಗೆ ಹಾಕುವ ದುಡ್ಡನ್ನು ಮನೆಯವರಿಗೇ ಕೊಡಿ ಎನ್ನುವವರಿಗೂ ನನ್ನ ಉತ್ತರ ವೀರಗಲ್ಲಿನಿಂದಲೇ ಬರುತ್ತದೆ: ಕಲ್ಲು ಮತ್ತು ಕೊಡುಗೆ ಒಂದರ ಬದಲಿಗೆ ಇನ್ನೊಂದಲ್ಲ. ಹೊಲ ಕೊಟ್ಟದ್ದನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಬರೆದದ್ದರಿಂದಲೇ ಅದನ್ನು ಕಿತ್ತುಕೊಳ್ಳುವುದು ಕಷ್ಟವಾಯಿತು. ಇಂದು ಸಹ ಸರಕಾರ ಘೋಷಿಸಿದ ನಿವೇಶನ, ಜಮೀನು, ನೌಕರಿಗಳ ಮಾತನ್ನು ಊರಿನ ಕಲ್ಲಿನ ಮೇಲೆ ತಾರೀಖಿನ ಸಮೇತ ಬರೆದರೆ, ಆ ತಾಯಿಯೋ ಹೆಂಡತಿಯೋ ಕಚೇರಿಯಿಂದ ಕಚೇರಿಗೆ ಒಬ್ಬಳೇ ಅಲೆಯಬೇಕಾಗುವುದಿಲ್ಲ. ಇಡೀ ಊರು ಅವಳ ಸಾಕ್ಷಿಯಾಗಿ ನಿಲ್ಲುತ್ತದೆ.

ಇದಕ್ಕೆ ಬೇಕಾದ ಸಾಮಗ್ರಿ ದೂರದಲ್ಲೂ ಇಲ್ಲ. ಕಾಮನ್‌ವೆಲ್ತ್ ಆಯೋಗದ ದಾಖಲೆ ಈಗ ಇಂಟರ್‌ನೆಟ್ಟಿನಲ್ಲಿ ಯಾರಿಗೂ ತೆರೆದಿದೆ. ಬಸ್ರಾದ ಗೋಡೆಯ ಮೇಲೆ ಅಂಕಿಯಾಗಿ ಉಳಿದ ಎಷ್ಟೋ ಸಿಪಾಯಿಗಳ ಹೆಸರು, ತಂದೆಯ ಹೆಸರು, ಊರು, ಜಿಲ್ಲೆ ಅಲ್ಲಿ ಸಿಗುತ್ತವೆ. ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರುಗಳು ತಿರುಚಿಕೊಂಡಿರುವುದರಿಂದ ಅವನ್ನು ಗುರುತಿಸಬಲ್ಲವರು ಇಲ್ಲಿನವರೇ. ವಿಚಾರಿಸಬೇಕೆಂದರೆ ಮರಾಠಾ ಲಘು ಪದಾತಿದಳದ ಕೇಂದ್ರವೂ 1922ರಿಂದ ಬೆಳಗಾವಿಯಲ್ಲೇ ಇದೆ. ತಿಕೋಟಾ ಮತ್ತು ಬಬಲೇಶ್ವರ 2018ರ ಹೊತ್ತಿಗೆ ಹೊಸ ತಾಲೂಕುಗಳಾದವು, ತಮ್ಮ ದಾಖಲೆಗಳನ್ನು ಈಗಷ್ಟೇ ಕೂಡಿಸಿಕೊಳ್ಳುತ್ತಿರುವ ತಾಲೂಕುಗಳು ಅವು. ಪ್ರೌಢಶಾಲೆಯ ಇತಿಹಾಸದ ಮೇಷ್ಟರು, ಊರಿನ ಮಾಜಿ ಸೈನಿಕರು, ಪಂಚಾಯತಿಯ ಅಭಿವೃದ್ಧಿ ಅಧಿಕಾರಿ ಕೂಡಿ ಕುಳಿತರೆ ಒಂದೊಂದು ಊರಿನ ಪಟ್ಟಿ ತಯಾರಾಗುತ್ತದೆ. ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಬಿಟ್ಟುಹೋದ ಹೆಸರನ್ನು ಹಿರಿಯರು ಸೇರಿಸುತ್ತಾರೆ, ತಪ್ಪನ್ನು ತಿದ್ದುತ್ತಾರೆ. ಕಲ್ಲು ಕೆತ್ತಿಸುವ ಮೊದಲು ಆ ಪಂಚಾಯತಿಯವರು ಒಮ್ಮೆ ವಿಜಯಪುರಕ್ಕೆ ಬರಲಿ. ಗೋಳಗುಮ್ಮಟದ ಮುಂದೆ, ನಗಾರಖಾನೆಯ ಕಟ್ಟಡದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ, 1892ರಲ್ಲಿ ಶುರುವಾದದ್ದು. ಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಓಡುವ ಜನ ಅದನ್ನು ದಾಟಿಕೊಂಡೇ ಹೋಗುತ್ತಾರೆ. ಒಳಗೆ ಕನ್ನಡದ ಶಾಸನಗಳೂ ವೀರಗಲ್ಲುಗಳೂ ಇವೆ. ಶುಕ್ರವಾರ ಅದಕ್ಕೆ ರಜೆ. ಉಳಿದ ದಿನಗಳಲ್ಲಿ ಬಂದರೆ ಅಕ್ಷರವನ್ನು ಎಷ್ಟು ಆಳ ಕೊರೆಯಬೇಕು, ಹೆಸರನ್ನು ಎಲ್ಲಿ ಇಡಬೇಕು ಎಂಬುದನ್ನು ಕಲ್ಲುಕುಟಿಗನನ್ನು ಜೊತೆಗೆ ಕರೆತಂದು ನೋಡಬಹುದು.