ಮನೆಗೆ ತಂತಿಯೋ, ಗಾಳಿಯೋ?

(ನಮ್ಮ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಪಾಠ)



ಈ ಹೊತ್ತು ನಾವು ಎತ್ತಿಕೊಂಡಿರುವ ವಿಷಯ ಸಾಹಿತ್ಯವಲ್ಲ, ಸಂಗೀತವೂ ಅಲ್ಲ, ಮನೆಯ ಅಂತರ್ಜಾಲ. ವಾಚನಾಲಯದಲ್ಲಿ ಇದೆಂಥ ಮಾತೆಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಸಂಜೆ ಇಲ್ಲಿಗೆ ಬರುವವರಲ್ಲಿ ಹಲವರು ಪತ್ರಿಕೆಯ ಮೊದಲ ಪುಟಕ್ಕಿಂತ ಗೋಡೆಗೆ ಅಂಟಿಸಿರುವ ವೈಫೈ ಗುಪ್ತಪದವನ್ನೇ ಮೊದಲು ಓದುತ್ತಾರೆಂಬುದು ನಮ್ಮೆಲ್ಲರಿಗೂ ಗೊತ್ತಿರುವ ಸಂಗತಿ. ಅದರಲ್ಲಿ ತಪ್ಪೇನೂ ಇಲ್ಲ. ನೌಕರಿಯ ಅರ್ಜಿ, ಮಕ್ಕಳ ಪಾಠ, ಊರಿನಲ್ಲಿರುವ ತಾಯಿಯ ಮುಖ, ಎಲ್ಲವೂ ಈಗ ಅದೇ ದಾರಿಯಿಂದ ಬರಬೇಕು.

ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಿಬಿಡುವೆವು. ಬಾಡಿಗೆ ಮನೆಗೆ ಒಂದು ಕಂಪನಿಯ ತಂತಿ ಸಂಪರ್ಕ ಹಾಕಿಸಿ, ಅಗ್ಗವಾದೀತೆಂದು ಇಡೀ ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿದ್ದೆವು. ಮಳೆಗಾಲಕ್ಕೆ ಮುಂಚೆ ಯಾರೋ ರಸ್ತೆ ಅಗೆದರು, ತಂತಿ ತುಂಡಾಯಿತು. ದೂರು ಕೊಟ್ಟರೆ ‘ನಾಳೆ ಬರುತ್ತಾರೆ’ ಎಂಬ ಉತ್ತರ. ಆ ನಾಳೆ ಬರಲು ಹನ್ನೊಂದು ದಿನ ಹಿಡಿಯಿತು. ಅದೇ ವಾರ ನಮ್ಮ ಮಗಳಿಗೆ ಉದ್ಯೋಗದ ಸಂದರ್ಶನ, ಗಣಕಯಂತ್ರದ ಮುಂದೆ ಕುಳಿತೇ ಆಗಬೇಕಾದದ್ದು. ಕೈಫೋನಿನಿಂದ ಜಾಲ ಹಂಚಿಕೊಂಡು ಒಳಕೋಣೆಯಲ್ಲಿ ಕುಳಿತಳು. ಎರಡು ಸಲ ಚಿತ್ರ ನಿಂತುಹೋಯಿತು, ಒಮ್ಮೆ ಧ್ವನಿಯೂ ಹೋಯಿತು. ಆ ಕೆಲಸ ಸಿಕ್ಕಲಿಲ್ಲ. ಜಾಲದ ದೆಸೆಯಿಂದಲೇ ಸಿಕ್ಕಲಿಲ್ಲವೆಂದು ನಾವು ಹೇಳಲಾರೆವು. ಆದರೆ ಆ ಸಂದೇಹ ಇನ್ನೂ ಮನೆಯಲ್ಲಿ ಉಳಿದಿದೆ. ಮರುದಿನ ಅದೇ ಫೋನನ್ನು ಬೀದಿಯ ಕಡೆಯ ಕಿಟಕಿಯಲ್ಲಿಟ್ಟು ನೋಡಿದೆವು. ವೇಗ ಒಳಕೋಣೆಗಿಂತ ಎಷ್ಟೋ ಪಾಲು ಹೆಚ್ಚು. ಕಡಿದುಹೋಗಿದ್ದ ತಂತಿಯಲ್ಲಿ ಎಂದೂ ಕಂಡಿರದಷ್ಟು! ಒಂದು ದಿನ ಮುಂಚೆ ನಮಗೆ ಆ ಬುದ್ಧಿ ಬಂದಿದ್ದರೆ ಎನ್ನಿಸಿತು.

ತಂತಿ ಎಂದೊಡನೆ ಎಲ್ಲ ತಂತಿಯೂ ಒಂದೇ ಅಲ್ಲ. ಹಳೆಯ ದೂರವಾಣಿಯ ತಾಮ್ರದ ತಂತಿಯಲ್ಲಿ ಕೇಂದ್ರದಿಂದ ಮನೆ ದೂರವಾದಷ್ಟೂ ವೇಗ ಇಳಿಯುತ್ತದೆ. ನಮ್ಮ ದೇಶದಲ್ಲಿ 2004ರ ಸರಕಾರಿ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದನ್ನೇ ‘ಬ್ರಾಡ್‌ಬ್ಯಾಂಡ್’ ಎಂದು ಕರೆದಿತ್ತು. 2023ರಲ್ಲಿ ಆ ಕನಿಷ್ಠ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಿದರು. ಇನ್ನು ಗಾಜಿನ ಎಳೆಯಲ್ಲಿ ಬೆಳಕು ಹರಿಸುವ ಫೈಬರಿನ ಮಾತೇ ಬೇರೆ. ನಿಮ್ಮ ಕಟ್ಟಡಕ್ಕೆ ಒಳ್ಳೆಯ ಫೈಬರ್ ಬಂದಿದ್ದು, ನೀವು ಆ ಮನೆಯಲ್ಲಿ ನೆಲೆಯಾಗಿ ಇರುವವರಾದರೆ ಕಣ್ಣು ಮುಚ್ಚಿ ಅದನ್ನೇ ಹಾಕಿಸಿಕೊಳ್ಳಿ. ನಮ್ಮ ಇಂದಿನ ಮಾತು ನಿಮಗಲ್ಲ.

ನಮ್ಮ ಮಾತು ಉಳಿದವರಿಗೆ. ಪುಣೆಯಲ್ಲಿ ಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದು. ಹನ್ನೊಂದು ತಿಂಗಳ ಮನೆಗೆ ಹನ್ನೆರಡು ತಿಂಗಳ ಜಾಲದ ಹಣ ಕಟ್ಟುವವನ ಲೆಕ್ಕ ಎಲ್ಲೋ ತಪ್ಪಿದೆ. ಕೆಲವು ಮಾಲೀಕರು ಗೋಡೆಗೆ ಮೊಳೆ ಹೊಡೆಯಲೂ ಬಿಡರು. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯ ಬಂಧುಗಳ ಬೀಡಾರವಂತೂ ಕೆಲಸ ಮುಗಿದೊಡನೆ ಎದ್ದುಹೋಗುತ್ತದೆ. ಅಲ್ಲಿಗೆ ತಂತಿ ಎಳೆಯುವವರಾರು?

ಗಾಳಿಯ ದಾರಿ ನಮ್ಮ ಊರಿಗೆ ಬೇಗನೆ ಬಂತೆನ್ನಬೇಕು. 2012ರಲ್ಲಿ ಕೋಲ್ಕತ್ತ, ಬೆಂಗಳೂರುಗಳ ತರುವಾಯ ಪುಣೆಯಲ್ಲಿಯೂ ಏರ್‌ಟೆಲ್ಲಿನವರು 4ಜಿ ತೆರೆದರು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ದರ ಇಳಿದ ಬಗೆಯನ್ನು ನೀವೇ ಕಂಡಿದ್ದೀರಿ. 5ಜಿ ದೇಶದಲ್ಲಿ ಮೊದಲಾದದ್ದು 2022ರ ಅಕ್ಟೋಬರ್ 1ರಂದು. ಆ ಬಳಿಕ 2023ರ ಸೆಪ್ಟೆಂಬರ್ 19ರಂದು ಜಿಯೋದವರು ಎಂಟು ನಗರಗಳಲ್ಲಿ ‘ಏರ್‌ಫೈಬರ್’ ಎಂಬುದನ್ನು ಆರಂಭಿಸಿದರು. ಆ ಎಂಟರಲ್ಲಿ ಪುಣೆಯೂ ಒಂದು. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಫೈಬರ್ ಬರುವುದಿಲ್ಲ. ಟವರಿನವರೆಗೆ ತಂತಿ, ಅಲ್ಲಿಂದ ಮಾಳಿಗೆಯ ಮೇಲಿನ ಪೆಟ್ಟಿಗೆಗೆ ರೇಡಿಯೋ ಅಲೆ, ಪೆಟ್ಟಿಗೆಯಿಂದ ಮನೆಯೊಳಗೆ ವೈಫೈ. ಆರಂಭದ ದರ 30 ಮೆಗಾಬಿಟ್‌ಗೆ ತಿಂಗಳಿಗೆ 599 ರೂಪಾಯಿ ಇತ್ತು, ತೆರಿಗೆ ಬೇರೆ. ಜಾಹೀರಾತಿನ ‘ಮೆಗಾಬಿಟ್’ ಅನ್ನು ಎಂಟರಿಂದ ಭಾಗಿಸಿದರೆ ಮಾತ್ರ ಕಡತದ ‘ಮೆಗಾಬೈಟ್’ ಬರುತ್ತದೆಂಬುದು ನೆನಪಿರಲಿ. ನೂರು ಎಂದು ಕೂಗುವವನು ಕೊಡುವುದು ಸೆಕೆಂಡಿಗೆ ಹನ್ನೆರಡೂವರೆ.

ಇದಕ್ಕಿಂತ ಸಣ್ಣದು ಸಿಮ್ ಹಾಕುವ ರೂಟರ್. ಕೆಲವದರಲ್ಲಿ ಬ್ಯಾಟರಿಯೂ ಇರುತ್ತದೆ. ಮನೆ ಬದಲಾಯಿಸಿದರೆ ಜೇಬಿನಲ್ಲಿಟ್ಟುಕೊಂಡು ಹೋಗಬಹುದು; ವಿದ್ಯುತ್ತು ಹೋದರೂ ಕೆಲವು ಗಂಟೆ ನಡೆಯುತ್ತದೆ. ಹನ್ನೊಂದು ತಿಂಗಳ ಜನಕ್ಕೆ ಇದೇ ಹೊಂದುವುದೆಂದು ನಮ್ಮ ಅಭಿಪ್ರಾಯ.

ಆದರೆ ಕೊಳ್ಳುವ ಮುನ್ನ ಅಳೆಯಿರಿ. ಭೋಸರಿಯ ಕಡೆ ಕೆಲಸದಲ್ಲಿರುವ ಗೌಂಡಿಯೊಬ್ಬರು ಮೊನ್ನೆ ನಮ್ಮನ್ನು ಕೇಳಿದರು: “ಸಾಹೇಬ್ರ, ಪತ್ರಾಸ ಶೆಡ್ಡಿನಾಗ ಒಂದ ಕಡ್ಡೀನೂ ಬರಂಗಿಲ್ರಿ, ಹೊರಗ ಬಂದ್ರ ನಾಕ ಕಡ್ಡಿ. ಕಂಪನಿ ಬದ್ಲಿ ಮಾಡ್ಲೇನ್ರಿ?” ಬೇಡ, ಜಾಗ ಬದಲಿ ಮಾಡಿರಿ ಎಂದೆವು. ಲೋಹದ ತಗಡು ರೇಡಿಯೋ ಅಲೆಯನ್ನು ತಡೆದು ಹಿಂದಕ್ಕೆ ಕಳಿಸುತ್ತದೆ. ದಪ್ಪ ಗೋಡೆ ನುಂಗುತ್ತದೆ. ಸದಾಶಿವ ಪೇಠೆಯ ಹಳೆಯ ವಾಡೆಯ ಒಳಕೋಣೆಗೂ ಇದೇ ಪಾಡು. 700 ಮೆಗಾಹರ್ಟ್ಸ್‌ನಂಥ ಕೆಳಗಿನ ಅಲೆಗಳು ಗೋಡೆ ದಾಟಿ ದೂರ ಹೋಗುತ್ತವೆ, ಆದರೆ ಹೊರೆ ಕಡಿಮೆ ಹೊರುತ್ತವೆ. 3,500ರ ಆಸುಪಾಸಿನ 5ಜಿ ಅಲೆಗಳು ಹೆಚ್ಚು ಹೊರುತ್ತವೆ, ಗೋಡೆಗೆ ಬೇಗ ಸೋಲುತ್ತವೆ. ಆದ್ದರಿಂದ ರೂಟರನ್ನು ಟವರಿನ ಕಡೆಯ ಕಿಟಕಿಯಲ್ಲಿಡಿ; ಸ್ಟೀಲ್ ಪಾತ್ರೆಗಳ ಕಪಾಟಿನಲ್ಲಿ ಖಂಡಿತ ಬೇಡ. ಆ ಗೌಂಡಿಯವರು ಶೆಡ್ಡಿನ ಹೊರಗೋಡೆಗೆ ಒಂದು ಮರದ ಗೂಡು ಹೊಡೆದು, ಮಳೆ ತಾಗದಂತೆ ಮುಚ್ಚಿ, ಅದರಲ್ಲಿ ಸಿಮ್ ರೂಟರನ್ನಿಟ್ಟು ತಗಡಿನ ಸಂದಿಗೆ ಎದುರಾಗಿಸಿದ್ದಾರೆ. ಆರು ಮಂದಿ ಖರ್ಚು ಹಂಚಿಕೊಂಡಿದ್ದಾರೆ. ರಾತ್ರಿ ಸರದಿಯ ಪ್ರಕಾರ ಮನೆಯವರೊಡನೆ ಮಾತು.

ಕಡ್ಡಿಗಳನ್ನು ಮಾತ್ರ ನಂಬಬೇಡಿ. ಹಲವು ಫೋನುಗಳ ಸೆಟ್ಟಿಂಗಿನಲ್ಲಿ ಸಿಮ್ಮಿನ ವಿವರದ ಕೆಳಗೆ ‘ಡಿಬಿಎಂ’ ಎಂಬ ಋಣ ಸಂಖ್ಯೆ ಇರುತ್ತದೆ. ಋಣ 80ರ ಸುತ್ತ ಇದ್ದರೆ ಸುಖ. ಋಣ 110 ದಾಟಿದರೆ ಕಷ್ಟ. ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರದ ‘ಮೈಸ್ಪೀಡ್’ ಆ್ಯಪಿನಲ್ಲಿ ವೇಗವನ್ನೂ ನೋಡಬಹುದು. ಬೆಳಿಗ್ಗೆ ನೋಡಿ ಸಂತೋಷಪಟ್ಟು ಹಣ ಕಟ್ಟಬೇಡಿ. ಒಂದು ಟವರಿನ ಸಾಮರ್ಥ್ಯ ಅದರ ಕೆಳಗಿನ ಎಲ್ಲರಿಗೂ ಹಂಚಿಕೆ; ರಾತ್ರಿ ಒಂಬತ್ತಕ್ಕೆ ಎಲ್ಲರೂ ಸಿನಿಮಾ ಹಚ್ಚಿದಾಗ ನಳದ ನೀರಿನ ಹಾಗೆ ಧಾರೆ ಸಣ್ಣದಾಗುತ್ತದೆ. ಆ ಹೊತ್ತಿನ ಅಳತೆಯೇ ನಿಜವಾದ ಅಳತೆ. ಸ್ನೇಹಿತರಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇದ್ದರೆ ಒಂದು ಸಂಜೆ ಅವರನ್ನು ಚಹಾಕ್ಕೆ ಕರೆದು ಎಲ್ಲರ ಫೋನನ್ನೂ ಒಂದೇ ಕಿಟಕಿಯಲ್ಲಿ ಪರೀಕ್ಷಿಸಿರಿ. ಸಂದರ್ಶನ, ಮನೆಗೆಲಸದ ಕಛೇರಿ ಇದ್ದವರು ಮೇಲಕ್ಕೆ ಕಳಿಸುವ ವೇಗವನ್ನೂ ನೋಡಬೇಕು. ನಮ್ಮ ಮುಖ ಅತ್ತ ಹೋಗುವುದು ಅದರಲ್ಲೇ.

ಬಳಕೆಯ ಮಿತಿಯನ್ನು ಕೇಳಿಯೇ ಕೊಳ್ಳಿರಿ. ಸಾಧಾರಣ ಸ್ಪಷ್ಟತೆಯ ಸಿನಿಮಾ ಗಂಟೆಗೆ ಸುಮಾರು 1 ಜಿಬಿ, ಹೆಚ್ಚಿನದು 3 ಜಿಬಿವರೆಗೂ ತಿನ್ನುತ್ತದೆ. ದಿನಕ್ಕೆ 2 ಜಿಬಿಯ ಸಿಮ್ಮಿನಿಂದ ನಾಲ್ಕು ಜನರ ಸಂಸಾರ ಸಾಗದು.

ಇನ್ನೊಂದು ಎಚ್ಚರಿಕೆ. ಅಂಗಡಿಯಲ್ಲೋ ಜಾಲದಲ್ಲೋ ‘ಸಿಗ್ನಲ್ ಬೂಸ್ಟರ್’ ಎಂದು ಮಾರುವ ಯಂತ್ರವನ್ನು ತಂದು ಹಚ್ಚಬೇಡಿ. ಅನುಮತಿಯಿಲ್ಲದೆ ಅದನ್ನಿಡುವುದು ನಮ್ಮ ದೇಶದಲ್ಲಿ ಅಪರಾಧ. ಅದು ನೆರೆಹೊರೆಯ ಎಲ್ಲರ ಫೋನನ್ನೂ ಕೆಡಿಸುತ್ತದೆ. ಗುರುತಿನ ಚೀಟಿ ಕೊಟ್ಟು ಇನ್ನೊಬ್ಬರಿಗೆ ಸಿಮ್ ಕೊಡಿಸುವುದೂ ಬೇಡ, ಅವರು ನಮ್ಮೂರವರೇ ಆದರೂ.

ಮಳೆಯಲ್ಲಿ ಹೇಗೆಂದು ಸಭೆಯಿಂದ ಒಬ್ಬರು ಕೇಳಿದ್ದಾರೆ. ಈ ಅಲೆಗಳಿಗೆ ಮಳೆಯ ಹನಿ ದೊಡ್ಡ ಅಡ್ಡಿಯಲ್ಲ. ಎದುರಿನ ಒದ್ದೆ ಮರ ಸ್ವಲ್ಪ ತಡೆದೀತು. ಟವರಿಗೇ ವಿದ್ಯುತ್ತು ತಪ್ಪಿ ಅದರ ಬ್ಯಾಟರಿ ಮುಗಿದರೆ ಮಾತ್ರ ಎಲ್ಲರೂ ಕೂಡಿಯೇ ಕತ್ತಲೆಯಲ್ಲಿ. ಅಳತೆ ಗೊತ್ತಾಗದವರು ಬರುವ ಭಾನುವಾರ ಫೋನು ತರಲಿ. ಆ ಸಂಖ್ಯೆ ಎಲ್ಲಿ ಕಾಣುವುದೆಂದು ನಮ್ಮ ಮಗಳು ತೋರಿಸಿಕೊಡುತ್ತಾಳೆ. ಅವಳಿಗೆ ಈಗ ಬೇರೆ ಕಡೆ ಕೆಲಸ ಸಿಕ್ಕಿದೆ. ಆ ಸಂದರ್ಶನವನ್ನು ಕಿಟಕಿಯ ಪಕ್ಕದಲ್ಲೇ ಕುಳಿತು ಕೊಟ್ಟಳು.